ಹುಲ್ಲಿನ ಮೇಲೆ ಅಂಬೆಗಾಲಿಟ್ಟ ತಪ್ಪಿಗೆ: ವಾರ್ಡ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ಎರಡು ವರ್ಷದಲ್ಲಿ ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲ್ ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ನಾಲ್ಕನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುತ್ತಿರುವುದು ಹಳೆಯದೇ. ಪಾರ್ಕಿನಲ್ಲಿ ಜೋತು ಬೀಳಲು ಒಂದು ಕಂಬಿ, ಮೇಲೆ ನಡೆಯಲು ಒಂದು ಮರದ ದಿಮ್ಮಿ, ಕಾಲಿಡಬಹುದಾದ ಒಂದಿಷ್ಟು ಹುಲ್ಲು. ಇಷ್ಟೇ.

ನನ್ನ ಅಪ್ಪನಿಗೆ 71 ವರ್ಷ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಗಾಯವೂ ಇಲ್ಲ. ಆದರೆ ನೆಲದಿಂದ ಏಳಲು ಆಗಲಿಲ್ಲ. ನಾನು ಮನೆಗೆ ಬರುವವರೆಗೆ ನಲವತ್ತು ನಿಮಿಷ ಒದ್ದೆ ನೆಲದ ಮೇಲೇ ಇದ್ದರು. ದಿನಾ ಒಂದು ಗಂಟೆ ವಾಕಿಂಗ್ ಮಾಡುವ ಮನುಷ್ಯ ಸಾರ್ ಅವರು! 'ಇಷ್ಟು ನಡೆದೂ ಏಳೋಕೆ ಬರಲಿಲ್ಲವಲ್ಲೋ' ಅಂತ ಅವತ್ತು ಅಂದದ್ದು ಇನ್ನೂ ಕಿವಿಯಲ್ಲಿದೆ. ನಡಿಗೆ ನಡೆಯುವುದನ್ನು ಕಲಿಸುತ್ತದೆ. ಏಳುವುದನ್ನು ಬೇರೆಯಾಗೇ ಕಲಿಯಬೇಕು.

ಕಲಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಮಲಗಬೇಕು, ಮಗ್ಗುಲಿಗೆ ಹೊರಳಬೇಕು, ಮಂಡಿ ಮತ್ತು ಅಂಗೈ ಊರಿ ಅಂಬೆಗಾಲಿಗೆ ಬರಬೇಕು. ಆಮೇಲೆ ಒಂದು ಪಾದ ಮುಂದಿಟ್ಟು, ತೊಡೆಯ ಮೇಲೆ ಕೈ ಒತ್ತಿ ಏಳಬೇಕು. ಮೊದಲ ವಾರ ಕುರ್ಚಿ ಹಿಡಿದು ಎದ್ದರು. ಎಡಮಂಡಿ ಗಡಗಡ ನಡುಗುತ್ತಿತ್ತು. ಆರನೇ ವಾರಕ್ಕೆ ಕುರ್ಚಿ ಬೇಡವಾಯಿತು. ಈಗ ಏರುತಗ್ಗಿನ ನೆಲದಲ್ಲಿ ಮಾಡಿಸಿ ಅಂದರು ಫಿಸಿಯೋಥೆರಪಿಸ್ಟ್. ಮನೆಯ ನುಣುಪು ಟೈಲ್ಸ್ ಮೇಲೆ ಕಲಿತದ್ದು ಹೊರಗೆ ಕೈಕೊಡುತ್ತದೆ, ಅಲ್ವಾ? ಹಾಗಾಗಿ ಪಾರ್ಕಿಗೆ ಕರೆದುಕೊಂಡು ಹೋದೆ.

ಬೆಳಿಗ್ಗೆ ಆರೂವರೆ. ಅಪ್ಪ ಹುಲ್ಲಿನ ಮೇಲೆ ಮಲಗಿದ್ದೇ ತಡ, ಸೀಟಿ. ವಾಚ್‌ಮನ್ ಓಡಿ ಬಂದ. ಅವನದು ತಪ್ಪಿಲ್ಲ, ಪಾಪ, ಯಾರೋ ಬಿದ್ದರು ಅಂದುಕೊಂಡು ನೀರಿನ ಬಾಟಲಿ ಹಿಡಿದೇ ಬಂದಿದ್ದ. ವ್ಯಾಯಾಮ ಅಂತ ಗೊತ್ತಾದ ಮೇಲೆ ಮುಖ ಬಿಗಿಯಿತು. 'ಬಿದ್ದಿದ್ರೆ ಪರವಾಗಿಲ್ಲ ಸಾರ್, ಬೇಕಂತ ಮಲಗಿದ್ರೆ ರೂಲ್ಸ್ ಪ್ರಕಾರ ಆಗಲ್ಲ' ಅಂದ. ಮೇಲ್ವಿಚಾರಕರ ಕೋಣೆಗೆ ಕರೆದುಕೊಂಡು ಹೋದರು. ಒಂದು ದಪ್ಪ ಪುಸ್ತಕ ಮುಂದಿಟ್ಟು, 'ಇನ್ನು ಮುಂದೆ ಹುಲ್ಲಿನ ಮೇಲೆ ಮಲಗುವುದಿಲ್ಲ, ಅಂಬೆಗಾಲಿಡುವುದಿಲ್ಲ' ಅಂತ ಬರೆಸಿಕೊಂಡರು. 71 ವರ್ಷದವರ ಕೈಯಲ್ಲಿ! ಅದರ ಮೇಲಿನ ಸಾಲಿನಲ್ಲಿ ಯಾರೋ ಹುಡುಗ ಕಟ್ಟೆಯ ಮೇಲೆ ನಡೆದದ್ದಕ್ಕೆ ಕ್ಷಮೆ ಕೇಳಿದ್ದ. ಅಪ್ಪ ನಿವೃತ್ತ ಮೇಷ್ಟ್ರು. ಅವನ ಕಾಗುಣಿತ ತಿದ್ದಿ, ಕೆಳಗೆ ತಮ್ಮದನ್ನು ಬರೆದು, ಸಹಿ ಹಾಕಿ ಎದ್ದರು. ಕುರ್ಚಿ ಹಿಡಿಯದೇ ಎದ್ದರು ಅನ್ನುವುದನ್ನು ಆ ಕೋಣೆಯಲ್ಲಿ ನಾನೊಬ್ಬನೇ ಗಮನಿಸಿದ್ದು.

ಗೇಟಿನ ಬಳಿಯ ಬೋರ್ಡು ನಿಮಗೆ ಬಾಯಿಪಾಠವೇ ಇರುತ್ತದೆ, ಕೆಳಗೆ ನಿಮ್ಮ ಹೆಸರೇ ಇದೆಯಲ್ಲ. ಹುಲ್ಲು ತುಳಿಯಬಾರದು. ಮರ ಮುಟ್ಟಬಾರದು. ಕಟ್ಟೆ ಹತ್ತಬಾರದು. ಓಡಬಾರದು. ಜಾರ್ಜ್ ಎಬೇರ್ ಅಂತ ಒಬ್ಬ ಫ್ರೆಂಚ್ ನೌಕಾ ಅಧಿಕಾರಿ ಇದ್ದ. 1902ರಲ್ಲಿ ಮಾರ್ಟಿನಿಕ್ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದು ಊರಿಗೆ ಊರೇ ಸುಟ್ಟುಹೋದಾಗ ಜನರನ್ನು ಕಾಪಾಡುವ ಕೆಲಸದಲ್ಲಿದ್ದವನು. ಮೈಕಟ್ಟು ತೋರಿಸಲಿಕ್ಕಲ್ಲ, ಇನ್ನೊಬ್ಬರ ಉಪಯೋಗಕ್ಕೆ ಬರಲಿಕ್ಕೆ ಬಲ ಬೇಕು ಅನ್ನುವುದು ಅವನ ಮಾತು. ಮನುಷ್ಯನ ಸಹಜ ಚಲನೆಗಳನ್ನು ಅವನು ಹತ್ತು ಗುಂಪು ಮಾಡಿದ. ನಡೆಯುವುದು, ಓಡುವುದು, ಜಿಗಿಯುವುದು, ನಾಲ್ಕು ಕಾಲಲ್ಲಿ ಹೋಗುವುದು, ಹತ್ತುವುದು, ಸಮತೋಲನ ಸಾಧಿಸಿ ನಿಲ್ಲುವುದು, ಎತ್ತುವುದು, ಎಸೆಯುವುದು, ಈಜು, ಆತ್ಮರಕ್ಷಣೆ. ಈಗಿನ ನ್ಯಾಚುರಲ್ ಮೂವ್‌ಮೆಂಟ್ ತರಬೇತಿಯ ಬೇರು ಇದರಲ್ಲೇ ಇದೆ. ಈ ಹತ್ತರಲ್ಲಿ ನಮ್ಮ ಪಾರ್ಕಿನಲ್ಲಿ ಅನುಮತಿ ಇರುವುದು ಒಂದಕ್ಕೆ. ನಡಿಗೆಗೆ. ಅದೂ ಬಾಣದ ಗುರುತು ತೋರಿಸಿದ ಕಡೆಗೆ ಮಾತ್ರ.

ಓಪನ್ ಜಿಮ್ ಕೊಟ್ಟಿದ್ದೇವಲ್ಲ ಅನ್ನುತ್ತೀರಿ. ಹೌದು ಕೊಟ್ಟಿದ್ದೀರಿ, ರಿಬ್ಬನ್ ಕತ್ತರಿಸಿದ ಫೋಟೋ ನನ್ನ ಹತ್ತಿರವೂ ಇದೆ. ಹತ್ತು ಯಂತ್ರಗಳಲ್ಲಿ ಎರಡು ಸಿಕ್ಕಿಹಾಕಿಕೊಂಡಿವೆ. ಉಳಿದವುಗಳ ಮೇಲೆ ಕೂತು ಹಿಡಿ ತಳ್ಳಿದರೆ ಅದು ತಾನು ಹೋಗುವ ದಾರಿಯಲ್ಲೇ ಹೋಗಿ ಬರುತ್ತದೆ. ಮೈಯನ್ನು ಆಧರಿಸುವ ಕೆಲಸವನ್ನೆಲ್ಲ ಸೀಟೇ ಮಾಡುತ್ತದೆ, ನಮ್ಮ ಕಾಲಿಗೂ ಸೊಂಟಕ್ಕೂ ಏನೂ ಉಳಿಯುವುದಿಲ್ಲ. ಕೂತು ಕೂತು ಸಾಕಾದವರಿಗೆ ಮತ್ತೆ ಕೂರಲು ಎಂಟು ಸೀಟು! ಅದಿರಲಿ. ಅವುಗಳಿಗೆ ಜಾಗ ಮಾಡಲು ಮೊದಲಿದ್ದ ಕಬ್ಬಿಣದ ಕಂಬಿಯನ್ನು ಯಾಕೆ ಕತ್ತರಿಸಿದಿರಿ? ಇಪ್ಪತ್ತು ಸೆಕೆಂಡ್ ಸುಮ್ನೆ ಜೋತು ಬಿದ್ದರೆ ಸಾಕು, ಹೆಗಲು ಬಿಚ್ಚುತ್ತಿತ್ತು, ಕೈಹಿಡಿತ ಗಟ್ಟಿಯಾಗುತ್ತಿತ್ತು. ಅದಕ್ಕೆ ರಿಪೇರಿಯ ಖರ್ಚೂ ಇರಲಿಲ್ಲ. ಇಲ್ಲದ್ದೇ ತಪ್ಪಾಯಿತೋ ಏನೋ.

65 ದಾಟಿದವರು ವಾರಕ್ಕೆ 3 ದಿನವಾದರೂ ದೇಹದ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೀಳುವುದು ತಪ್ಪಲಿ ಅಂತಲೇ ಹೇಳಿದ್ದು. ನಿಮಗೆ ಇದು ಹೊಸದಲ್ಲ, ಆರೋಗ್ಯ ದಿನದ ಭಾಷಣದಲ್ಲಿ ನೀವೇ ಓದಿದ್ದೀರಿ.

ದಿಮ್ಮಿಯಿಂದ ಬಿದ್ದರೆ ಯಾರು ಜವಾಬ್ದಾರಿ ಅಂತ ನಿಮ್ಮ ಎಂಜಿನಿಯರ್ ಬಾಯಿಮಾತಲ್ಲಿ ಕೇಳಿದರು. ನಾನು ಕೇಳುತ್ತಿರುವ ದಿಮ್ಮಿ ನೆಲದಿಂದ ಒಂದು ಗೇಣು ಎತ್ತರ. ಕಂಬಿಯ ಕೆಳಗೆ ಮರಳು ಹಾಸಿ. ಸ್ವಿಟ್ಜರ್ಲೆಂಡಿನಲ್ಲಿ 1968ರಿಂದ ಕಾಡಿನ ದಾರಿಗಳಲ್ಲಿ ವ್ಯಾಯಾಮದ ಕಂಬಿ, ದಿಮ್ಮಿ ಇಟ್ಟಿದ್ದಾರೆ, ಜನ ಇವತ್ತಿಗೂ ಬಳಸುತ್ತಿದ್ದಾರೆ. ಬಚ್ಚಲಲ್ಲಿ ಬಿದ್ದು ನಲವತ್ತು ನಿಮಿಷ ಕಾದದ್ದಕ್ಕೆ ಯಾರು ಜವಾಬ್ದಾರಿ ಅಂತ ನಾನು ಯಾರನ್ನೂ ಕೇಳಿಲ್ಲ, ಗಮನಿಸಿ.

ಮಳೆ ಬಂದರೆ ಮನೆಯೇ ಗತಿ. ಅಪ್ಪ ಮೇಜಿನ ಕೆಳಗೆ ತೂರಿ ಆಚೆ ಬರುತ್ತಾರೆ. ಅರ್ಧ ಬಕೆಟ್ ನೀರನ್ನು ಒಂದೇ ಕೈಯಲ್ಲಿ ಹಿಡಿದು, ವಾಲದೆ, ಪಡಸಾಲೆಯ ಆ ತುದಿಗೆ ನಡೆಯುತ್ತಾರೆ. ತಿರುಗುವಾಗ ಕೈ ಬದಲಿಸುತ್ತಾರೆ. ಬಾಡಿಗೆ ಮನೆ, ಗೋಡೆಗೆ ಕಂಬಿ ಹೊಡೆಯುವಂತಿಲ್ಲ. ಎದುರಿಗೇ ವಾರ್ಡಿನ ಸಮುದಾಯ ಭವನ ಬೆಳಿಗ್ಗೆಯೆಲ್ಲ ಖಾಲಿ. ಬೀಗದ ಕೈ ಕೇಳಿದರೆ 'ಸಾಹೇಬ್ರ ಹತ್ರ ಇದೆ' ಅನ್ನುತ್ತಾರೆ. ಸಾಹೇಬರು ಅಂದರೆ ನೀವೇ. ಮಳೆಗಾಲದಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಅದನ್ನು ತೆರೆಸಿ. ನಾಲ್ಕು ಚಾಪೆ ನಾವೇ ತರುತ್ತೇವೆ, ಗುಡಿಸುವುದೂ ನಮ್ಮದೇ.

ಮತ್ತೆ ಹೇಳುತ್ತೇನೆ: ಒಂದು ಕಂಬಿ, ಒಂದು ದಿಮ್ಮಿ, ಒಂದಿಷ್ಟು ಹುಲ್ಲು. ಹೊಸ ಟೆಂಡರ್ ಬೇಡ, ಉದ್ಘಾಟನೆಯೂ ಬೇಡ. ನಿಮಗೆ ಬೇಕೇ ಬೇಕು ಅಂದರೆ ಬನ್ನಿ, ಕಂಬಿಗೆ ರಿಬ್ಬನ್ ನಾನೇ ಕಟ್ಟುತ್ತೇನೆ. ಕತ್ತರಿಸಿದ ಮೇಲೆ ಹತ್ತು ಸೆಕೆಂಡ್ ನೀವೂ ಜೋತು ಬಿದ್ದು ನೋಡಿ.

ಅಲ್ಲಿಯವರೆಗೆ ಇನ್ನೊಂದು ಸಣ್ಣ ಉಪಕಾರ. ಆ ದಪ್ಪ ಪುಸ್ತಕದಲ್ಲಿ ಅಪ್ಪ ಬರೆದ ಹಾಳೆಯನ್ನು ಹರಿದು ಹಾಕಿಸಿ. ಬರೆದುಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ಅವತ್ತಿನಿಂದ ಪಾರ್ಕಿನ ಕಡೆ ಹೆಜ್ಜೆ ಹಾಕಿಲ್ಲ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ