ಗಂಗಾವತಿಗೆ ಮಂಜು ಎಲ್ಲಿಂದ ಬಂತು?

ರಾಯಚೂರು

ಪ್ರೀತಿಯ ತಮ್ಮಾ,

ನಿನ್ನ ದೆವ್ವದ ಕಥೆ ಮುಟ್ಟಿತು. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ವಾರಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯೋದೇ ಬೇಡ ಅನ್ನಿಸ್ತದೆ ಅಂದಿದ್ದೀಯ. ಎಷ್ಟು ಪದ ಇರಬೇಕು, ಯಾವ ಫಾಂಟಿನಲ್ಲಿ ಕಳಿಸಬೇಕು ಅನ್ನೋದನ್ನೆಲ್ಲ ಆ ಪತ್ರಿಕೆಯವರನ್ನೇ ಕೇಳು, ನನಗೆ ಗೊತ್ತಿಲ್ಲ. ನನ್ನ ತಕರಾರು ಬೇರೆ. ಗಂಗಾವತಿಗೆ ಮಂಜು ಎಲ್ಲಿಂದ ಬಂತಪಾ?

ಹಾಳು ಬಂಗಲೆ, ಮೇಣದಬತ್ತಿ, ಕಿಟಕಿಯಾಚೆ ದಟ್ಟ ಮಂಜು, ಕಿರ್ರೆನ್ನುವ ಬಾಗಿಲು. ನೀನು ಬೆಳೆದದ್ದು ಅಕ್ಕಿ ಗಿರಣಿಗಳ ನಡುವೆ. ರಾತ್ರಿಪಾಳಿಯಲ್ಲಿ ಬಲ್ಬಿನ ಸುತ್ತ ಹೊಟ್ಟಿನ ಧೂಳು ಕವಿದು, ಎದುರಿಗೆ ನಿಂತವರ ಮುಖವೇ ಕಾಣದಿರೋದನ್ನ ನೋಡಿಲ್ಲವೇನು? ನಮ್ಮ ಕಡೆ ದೆವ್ವ ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೂ ಬಡಿಯುತ್ತದೆ, ನಿಮ್ಮಮ್ಮನನ್ನ ಕೇಳು.

ಇದು ಬರೀ ಆಯ್ದ ಕಥೆಗಳ ಸಂಕಲನ ಓದಿ ಬಂದ ರೋಗ. ಸಂಕಲನದಲ್ಲಿ ಎಲ್ಲ ಕಥೆಗಳೂ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿರುತ್ತವೆ. ಇಡೀ ಸಂಚಿಕೆ ಓದು ತಮ್ಮಾ, ಹಳೇ ಪತ್ರಿಕೆಯ ಇಡೀ ಸಂಚಿಕೆ, ಜಾಹೀರಾತು ಸಮೇತ.

ಹರೆಯದಲ್ಲಿ ನಾನು ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತಿದ್ದದ್ದು ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಪುಸ್ತಕಗಳಿಗಾಗಿ. ಅಲ್ಲೇ ಒಮ್ಮೆ 'ವಿಯರ್ಡ್ ಟೇಲ್ಸ್' ಸಿಕ್ಕಿತು. 1923ರಲ್ಲಿ ಶಿಕಾಗೋದಲ್ಲಿ ಶುರುವಾಗಿ 1954ರಲ್ಲಿ ನಿಂತುಹೋದ, ದೆವ್ವ-ಭೂತದಂಥ ವಿಚಿತ್ರ ಕಥೆಗಳ ಇಂಗ್ಲಿಷ್ ಪತ್ರಿಕೆ. ನನಗೆ ಸಿಕ್ಕ ಪ್ರತಿಗೆ ಮುಖಪುಟವೇ ಇರಲಿಲ್ಲ. ಮಾರಾಟವಾಗದ ಪ್ರತಿಯ ಮುಖಪುಟವನ್ನಷ್ಟೇ ಹರಿದು ವಾಪಸ್ ಕಳಿಸಿ ಲೆಕ್ಕ ಚುಕ್ತಾ ಮಾಡೋದು ಅಲ್ಲಿನ ಅಂಗಡಿಯವರ ಪದ್ಧತಿ, ಉಳಿದದ್ದು ರದ್ದಿಗೆ. ಅಗ್ಗದ ಮರದ ತಿರುಳಿನ ಕಾಗದ, ಒಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಹಾಳೆ ತಿರುವಿದಾಗಲೆಲ್ಲ ಅಂಚು ಪುಡಿಯಾಗಿ ಮಡಿಲಿಗೆ ಉದುರೋದು. ರಾಯಚೂರಿನ ಬಿಸಿಲಿಗೆ ಇನ್ನಷ್ಟು. ಓದಿ ಎದ್ದರೆ ಪಂಚೆಯೆಲ್ಲ ಕಂದು ಪುಡಿ, ನಮ್ಮವ್ವ ನಶ್ಯ ಹಾಕ್ತಿಯೇನೋ ಅಂತ ಬೈದಿದ್ದಳು.

ಅದರಲ್ಲಿನ ಕಥೆಗಳು ಬಹುತೇಕ ಕಸ. ಒಂದರ ಹಿಂದೊಂದು ಕೋಟೆ, ಚಂದ್ರ, ಮಂಜು. ನಾಲ್ಕನೆಯದಕ್ಕೆ ಬರೋ ಹೊತ್ತಿಗೆ ಈ ಮಂಜು ಬಾಡಿಗೆಯದು ಅಂತ ಗೊತ್ತಾಗಿಹೋಯಿತು. ಆಮೇಲೊಂದು ಕಥೆ ಬಂತು, ಅದರಲ್ಲಿ ಒಂದು ಹೊಲ, ಒಂದು ಬಾವಿ, ಸಾಲದಲ್ಲಿದ್ದ ಒಬ್ಬ ರೈತ. ಆ ರಾತ್ರಿ ನಾನು ಅಂಗಳಕ್ಕೆ ಹೋಗಲಿಲ್ಲ. ಸಂಕಲನದಲ್ಲಿ ಓದಿದ್ದರೆ ಅದು ಇನ್ನೊಂದು ಒಳ್ಳೇ ಕಥೆಯಾಗಿರುತ್ತಿತ್ತು, ಅಷ್ಟೇ.

ಈಗ ಅಳಿಯ ಆ ಪತ್ರಿಕೆಯ ಸ್ಕ್ಯಾನ್ ಪ್ರತಿಗಳನ್ನು ಟ್ಯಾಬ್ಲೆಟ್‌ಗೆ ಹಾಕಿಕೊಟ್ಟಿದ್ದಾನೆ. ಮಾರ್ಗರೆಟ್ ಬ್ರಂಡೇಜ್ ಪೇಸ್ಟಲ್‌ನಲ್ಲಿ ಬರೆದ ಆ ಮುಖಪುಟಗಳನ್ನ ಕಡೆಗೂ ನೋಡಿದೆ. ಅದಕ್ಕಿಂತ ರುಚಿ ಓದುಗರ ಪತ್ರಗಳದು. ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಅನ್ನೋ ಸಣ್ಣ ಊರಲ್ಲಿ ಕೂತು ರಾಬರ್ಟ್ ಹೋವರ್ಡ್ ಬರೆದ ಕತ್ತಿವೀರ ಕೋನನ್ ಇದರಲ್ಲೇ 1932ರ ಡಿಸೆಂಬರಿನಲ್ಲಿ ಮೊದಲು ಬಂದ. 1934ರಲ್ಲಿ ರಾಬರ್ಟ್ ಬ್ಲಾಕ್ ಅನ್ನೋ ಹದಿನೇಳರ ಹುಡುಗ, ಈ ಕೋನನ್ ಸಾಕಪ್ಪಾ ಸಾಕು ಅನ್ನೋ ಅರ್ಥದಲ್ಲಿ ಜಾಡಿಸಿ ಪತ್ರ ಬರೆದ. ಆ ಹುಡುಗ ಮುಂದೆ ದೊಡ್ಡ ಲೇಖಕನಾದ. ಈ ಜಗಳ ಯಾವ ಸಂಕಲನದಲ್ಲಿ ಸಿಗ್ತದೆ ಹೇಳು?

ನನ್ನ ಮೊದಲ ದೆವ್ವದ ಕಥೆಗೆ ಒಬ್ಬ ಸಂಪಾದಕರು ಕೊಟ್ಟ ಉತ್ತರ: "ಚಂದಮಾಮಕ್ಕೆ ಕಳಿಸಿ." ಬೈಗುಳ ಅಂದುಕೊಂಡೇ ಬರೆದಿದ್ದರು ಪುಣ್ಯಾತ್ಮ. ನನಗೆ ಇವತ್ತಿಗೂ ಸಿಟ್ಟಿದೆ. 1949ರಿಂದ ಕನ್ನಡದಲ್ಲಿ ಬಂದ ಆ ಮಾಸಪತ್ರಿಕೆಯ ಬೇತಾಳ ಎಷ್ಟು ಮನೆಗಳ ಮಕ್ಕಳನ್ನು ಹೆದರಿಸಿದ, ಯೋಚನೆ ಮಾಡಿಸಿದ! ಶಂಕರ್ ಬರೆದ ಆ ಚಿತ್ರ ನೆನಪಿದೆಯಾ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ? ವಿಕ್ರಮನ ಮುಖದಲ್ಲಿ ಭಯವೇ ಇಲ್ಲ. ಹೆದರಿಕೆಯೆಲ್ಲ ನೋಡೋ ನಮ್ಮದು. ಆ ಸಂಪಾದಕರ ಹೆಸರು ಬೇಡ, ಈಗ ಇಲ್ಲ ಅವರು.

ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್‌ನ, ಕ್ಥುಲ್ಹು ಅನ್ನೋ ದೈತ್ಯನ ಕಥೆಯನ್ನೂ ವಿಯರ್ಡ್ ಟೇಲ್ಸ್ ಮೊದಲು ವಾಪಸ್ ಕಳಿಸಿ, ಆಮೇಲೆ 1928ರ ಫೆಬ್ರವರಿಯಲ್ಲಿ ಹಾಕಿತು ಅಂತ ಹೇಳಿ ನಿನ್ನನ್ನ ಸಮಾಧಾನ ಮಾಡಬಹುದು. ಮಾಡಲ್ಲ. ಅವನ ಕಥೆ ಚೆನ್ನಾಗಿತ್ತು, ನಿನ್ನದು ಇನ್ನೂ ಆಗಿಲ್ಲ. ಆದರೆ ಅಜ್ಜಿ ಬಾಗಿಲ ಅಗಳಿಯನ್ನು ಎರಡು ಸಲ ಮುಟ್ಟಿ ನೋಡುತ್ತಾಳಲ್ಲ, ಆ ಒಂದು ಸಾಲು ನಿನ್ನದೇ. ಅದನ್ನು ಯಾರಿಂದಲೂ ಎರವಲು ತಂದಿಲ್ಲ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮತ್ತೆ ಹಿರೇಬೆಣಕಲ್ ನಿಮ್ಮೂರ ಬಗಲಿಗೇ ಇದೆಯಲ್ಲೋ! ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಲುಗೋರಿಗಳು, ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ. ಊರವರು ಮೋರ್ಯರ ಮನೆ ಅಂತಾರೆ, ಗಿಡ್ಡ ಜನ ಇದ್ದರಂತೆ. ಬಡಿದರೆ ಮೊಳಗುವ ನಗಾರಿ ಕಲ್ಲು ಬೇರೆ. ಇದನ್ನೆಲ್ಲ ಬಿಟ್ಟು ನೀನು ಬಂಗಲೆ ಕಟ್ಟಿಸ್ತೀಯಾ?

ಎರಡು ಹಳೇ ಚಂದಮಾಮ ಕಳಿಸ್ತಿದ್ದೀನಿ. ಟ್ರಂಕಿನ ಬೇವಿನೆಲೆ ಅಂಟಿರಬಹುದು, ಇರಲಿ, ತೆಗೀಬೇಡ. ಹಿಂದೊಬ್ಬ ಗೆಳೆಯ ಬೈಂಡ್ ಮಾಡಿಸಿದ ಒಂದು ಇಡೀ ವರ್ಷದ ಸಂಚಿಕೆಗಳನ್ನು ಒಯ್ದವನು ಇವತ್ತಿಗೂ ಕೊಟ್ಟಿಲ್ಲ, ಎದುರಿಗೆ ಸಿಕ್ಕರೆ ಹವಾಮಾನದ ಮಾತಾಡ್ತಾನೆ. ಹಾಗಾಗಿ ಮುಖಪುಟವಿಲ್ಲದ್ದನ್ನ ಮಾತ್ರ ಮನೆಯಿಂದ ಹೊರಗೆ ಕಳಿಸಲ್ಲ. ಓದಬೇಕಂದ್ರೆ ಇಲ್ಲಿಗೇ ಬಾ. ಬಸ್ ಹತ್ತೋ ಮುಂಚೆ ಫೋನ್ ಮಾಡು. ಮಧ್ಯಾಹ್ನ ಮಲಗಿರ್ತೀನಿ, ಬಾಗಿಲು ಬಡಿದರೆ ಕೇಳಿಸಲ್ಲ.

ನಿನ್ನ,
ಕಾಕಾ