ವಾಲ್ವ್ ತೆರೆಯಿತು ಸರಿ, ಮುಚ್ಚಿದ್ದು ಯಾವಾಗ?

ಮಾನ್ಯ ಸಂಪಾದಕರೇ,

ಅಣುಸ್ಥಾವರದಿಂದ ನಡುರಾತ್ರಿ ಹಬೆ ಚಿಮ್ಮಿದ ವರದಿಯನ್ನು ಓದಿದೆವು. ‘ಸೇಫ್ಟಿ ವಾಲ್ವ್ ತನ್ನ ಕೆಲಸ ಮಾಡಿದೆ, ಜನ ಗಾಬರಿಯಾಗಬೇಕಿಲ್ಲ’ ಎಂಬ ಅಧಿಕಾರಿಗಳ ಮಾತನ್ನು ನೀವು ಮರುಪ್ರಶ್ನೆಯಿಲ್ಲದೆ ಅಚ್ಚುಹಾಕಿದ್ದೀರಿ. ಆ ಅಬ್ಬರಕ್ಕೆ ಕೆಳಗಿನ ಊರುಗಳೆಲ್ಲ ಎದ್ದು ಕೂತಿದ್ದವು. ಕೊಟ್ಟಿಗೆಯ ದನಗಳು ಕಣ್ಣಿ ಹರಿದವು, ಮಕ್ಕಳು ಮತ್ತೆ ಮಲಗಲಿಲ್ಲ, ಉಬ್ಬಸದ ಹಿರಿಯರನ್ನು ಯಾವ ಕಡೆಗೆ ಕರೆದೊಯ್ಯಬೇಕೆಂದು ತಿಳಿಯದೆ ಜನ ರಸ್ತೆಯಲ್ಲೇ ನಿಂತರು. ಫಲಕದಲ್ಲಿ ಬರೆಸಿರುವ ಸಹಾಯವಾಣಿಗೆ ಬೆಳಗಿನವರೆಗೂ ಕರೆ ಮಾಡಿದರೆ ಎತ್ತುವವರೇ ಇಲ್ಲ.

ಆ ಹಬೆ ರಿಯಾಕ್ಟರಿನೊಳಗಿನದಲ್ಲ ಎಂಬುದು ನಮಗೂ ಗೊತ್ತು. ಟರ್ಬೈನ್ ಟ್ರಿಪ್ ಆದಾಗ, ಅಂದರೆ ದಿಢೀರನೆ ನಿಂತಾಗ, ನೀರನ್ನು ಹಬೆ ಮಾಡುವ ಸ್ಟೀಮ್ ಜನರೇಟರಿನ ಹಬೆ ಎಲ್ಲಿಗಾದರೂ ಹೋಗಲೇಬೇಕು. ಆ ನೀರು ಬೇರೆ, ರಿಯಾಕ್ಟರಿನ ಬಿಸಿ ಹೊತ್ತು ಒಳಗೆ ಸುತ್ತುವ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಬೇರೆ. ಇವೆರಡರ ನಡುವಿನ ಟ್ಯೂಬುಗಳು ಸೋರದಿರುವ ತನಕ ಎರಡೂ ಕೂಡುವುದಿಲ್ಲ. ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆಯುವುದೇ ಸೇಫ್ಟಿ ವಾಲ್ವಿನ ಕೆಲಸ, ಅದು ತೆರೆದದ್ದೇ ತಪ್ಪೆಂದು ನಾವು ಹೇಳುತ್ತಿಲ್ಲ. ಎಷ್ಟು ಒತ್ತಡಕ್ಕೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು, ಮುಚ್ಚಿದ ಮೇಲೆ ಸೋರುತ್ತಿದೆಯೇ? ಹೇಳಿಕೆಯಲ್ಲಿ ಈ ಮೂರಕ್ಕೂ ಉತ್ತರವಿಲ್ಲ.

ಚದರ ಸೆಂಟಿಮೀಟರಿಗೆ 50 ಕೆಜಿ ಒತ್ತಡಕ್ಕೆ ಸೆಟ್ ಮಾಡಿದ ಸ್ಪ್ರಿಂಗ್ ವಾಲ್ವನ್ನು ಬಿಚ್ಚಿ ಪರೀಕ್ಷೆಗೆ ಇಟ್ಟಾಗ ಅದು ಸಾಮಾನ್ಯವಾಗಿ ಶೇ 3ರ ಒಳಗೆ, ಅಂದರೆ 48.5ರಿಂದ 51.5ರ ನಡುವೆ ತೆರೆಯಬೇಕು. ಶೇ 5ರಷ್ಟು ಬ್ಲೋಡೌನ್ (ಸೆಟ್ ಒತ್ತಡಕ್ಕೂ ಮತ್ತೆ ಮುಚ್ಚುವ ಒತ್ತಡಕ್ಕೂ ಇರುವ ಅಂತರ) ಇಟ್ಟಿದ್ದರೆ 47.5ರ ಹೊತ್ತಿಗೆ ಮತ್ತೆ ಕೂರಬೇಕು, ಅಂದರೆ ಮುಚ್ಚಬೇಕು. ಮುಚ್ಚಳದಂತಿರುವ ಡಿಸ್ಕಿಗೂ ಅದು ಕೂರುವ ಸೀಟಿಗೂ ನಡುವೆ ತುಕ್ಕಿನ ಚೂರೊಂದು ಸಿಕ್ಕಿದರೂ ಅದು ಪೂರ್ತಿ ಕೂರುವುದಿಲ್ಲ. ಸಣ್ಣಗೆ ಸೋರುವ ಹಬೆ ಸೀಟನ್ನು ಕೊರೆಯುತ್ತದೆ. ಒಮ್ಮೆ ಗೆರೆ ಬಿತ್ತೆಂದರೆ ಬಿಚ್ಚಿ ಲ್ಯಾಪಿಂಗ್ ಮಾಡದೆ, ಅಂದರೆ ಉಜ್ಜಿ ನುಣುಪು ಮಾಡದೆ, ಬೇರೆ ದಾರಿಯಿಲ್ಲ. ಇದಕ್ಕೆ ವಿರುದ್ಧವಾದ ಕಾಯಿಲೆಯೂ ಇದೆ. ಅಮೆರಿಕದ ಕುದಿನೀರು ರಿಯಾಕ್ಟರುಗಳ ಪೈಲಟ್ ವಾಲ್ವುಗಳಲ್ಲಿ (ದೊಡ್ಡ ವಾಲ್ವನ್ನು ತೆರೆಸುವ ಸಣ್ಣ ವಾಲ್ವುಗಳು) ಡಿಸ್ಕು ಸೀಟಿಗೆ ತುಕ್ಕಿನಿಂದ ಅಂಟಿಕೊಂಡು, ನಿಗದಿಗಿಂತ ಹೆಚ್ಚು ಒತ್ತಡ ಬರುವ ತನಕ ತೆರೆಯದೆ ವರ್ಷಗಟ್ಟಲೆ ಕಾಡಿದೆ.

ಇದೆಲ್ಲ ಪರೀಕ್ಷೆಯಲ್ಲಿ ಸಿಗುತ್ತದೆ, ಪರೀಕ್ಷೆ ನೆಟ್ಟಗೆ ಮಾಡಿದರೆ. ಬಿಚ್ಚಿ ತಂದ ವಾಲ್ವನ್ನು ಒರೆಸುವ ಮೊದಲೇ, ಇದ್ದ ಸ್ಥಿತಿಯಲ್ಲೇ ಪರೀಕ್ಷಿಸಿ ಬರೆದಿಡಬೇಕು. ಮೊದಲು ತೊಳೆದು ಉಜ್ಜಿ ಆಮೇಲೆ ಪರೀಕ್ಷಿಸಿದರೆ ಅಂಕಿ ಚೆಂದವಾಗಿ ಬರುತ್ತದೆ, ರೋಗದ ಗುರುತು ಅಳಿಸಿಹೋಗುತ್ತದೆ. ಹಬೆಯ ವಾಲ್ವನ್ನು ತಣ್ಣನೆಯ ಗಾಳಿಯಲ್ಲಿ ಸೆಟ್ ಮಾಡಿದರೆ, ಕಾದ ಸ್ಪ್ರಿಂಗ್ ಸಡಿಲಾಗುವ ಲೆಕ್ಕವನ್ನೂ ಸೇರಿಸಬೇಕು. ಒಂದು ವಾಲ್ವ್ ತಪ್ಪಿದರೆ ಅದರ ಜೊತೆಯವನ್ನೂ ಇಳಿಸಿ ನೋಡಬೇಕು. ಹೈಡ್ರೋ ಟೆಸ್ಟಿಗೆ (ನೀರಿನ ಒತ್ತಡದ ಪರೀಕ್ಷೆ) ವಾಲ್ವ್ ತೆರೆಯದಂತೆ ಹಾಕಿದ ಗ್ಯಾಗ್ ತೆಗೆದದ್ದನ್ನು ಇಬ್ಬರು ನೋಡಿ ಸಹಿ ಹಾಕಬೇಕು.

‘ಕಂಟ್ರೋಲ್ ರೂಮಿನಲ್ಲಿ ಎಲ್ಲವೂ ಕಾಣುತ್ತಿತ್ತು’ ಎಂಬ ಮಾತೂ ವರದಿಯಲ್ಲಿದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಕಂಟ್ರೋಲ್ ರೂಮಿನಲ್ಲೂ ದೀಪ ಕಾಣುತ್ತಿತ್ತು. ಆದರೆ ಆ ದೀಪ ಹೇಳುತ್ತಿದ್ದದ್ದು ಮುಚ್ಚುವ ಆದೇಶ ಹೋಗಿದೆ ಎಂಬುದನ್ನು ಮಾತ್ರ, ವಾಲ್ವ್ ಮುಚ್ಚಿದೆ ಎಂಬುದನ್ನಲ್ಲ. ಪ್ರೆಶರೈಸರಿನ (ರಿಯಾಕ್ಟರಿನ ನೀರಿನ ಒತ್ತಡ ಕಾಯುವ ಟ್ಯಾಂಕ್) ರಿಲೀಫ್ ವಾಲ್ವ್, ಅಂದರೆ ಹೆಚ್ಚಿದ ಒತ್ತಡ ಬಿಡುವ ವಾಲ್ವ್, ಎರಡು ಗಂಟೆಗೂ ಹೆಚ್ಚು ಕಾಲ ತೆರೆದೇ ಇತ್ತು. ಹೊರಪೈಪು ಬಿಸಿಯಾಗಿದ್ದು ಕಂಡರೂ, ಆ ವಾಲ್ವ್ ಮೊದಲಿಂದಲೂ ಸೋರುವುದೇ ಎಂದು ಸುಮ್ಮನಿದ್ದರು. ಇಂಧನ ಕರಗಿತು. 1977ರಲ್ಲಿ ಅಮೆರಿಕದ್ದೇ ಡೇವಿಸ್-ಬೆಸ್ ಸ್ಥಾವರದಲ್ಲಿ ಅದೇ ಬಗೆಯ ವಾಲ್ವ್ ಹಾಗೆಯೇ ಸಿಕ್ಕಿಕೊಂಡಿತ್ತು. ಆ ಪಾಠ ತ್ರೀ ಮೈಲ್ ಐಲ್ಯಾಂಡಿನವರಿಗೆ ಮುಟ್ಟಲೇ ಇಲ್ಲ. ಭಾರಜಲ ಸ್ಥಾವರಗಳಿಗೆ ಇದು ಅನ್ವಯಿಸದು ಎನ್ನುವವರು ಕೆನಡಾದ ಪಿಕರಿಂಗ್ ಸ್ಥಾವರ ನೋಡಲಿ. 1994ರ ಡಿಸೆಂಬರ್ 10ರಂದು ಒಂದು ರಿಲೀಫ್ ವಾಲ್ವಿನ ರಬ್ಬರ್ ಡಯಾಫ್ರಮ್ (ತೆಳು ಹಾಳೆ) ಹರಿಯಿತು. ಮುಂದಿನ ವಾಲ್ವುಗಳು ಪಟಪಟನೆ ಬಡಿದುಕೊಂಡು ಪೈಪು ಸೀಳಿತು, ನೂರು ಟನ್ನಿಗೂ ಹೆಚ್ಚು ಭಾರಜಲ ಚೆಲ್ಲಿತು. ಕೊನೆಗೆ ತುರ್ತು ತಂಪುವ್ಯವಸ್ಥೆಯೇ ಕಾಯಬೇಕಾಯಿತು. ಒಂದು ರಬ್ಬರ್ ಹಾಳೆಯಿಂದ ಇಷ್ಟೆಲ್ಲ!

ಹಾಗಾಗಿ ವಾಲ್ವಿನ ಕಾಂಡಕ್ಕೇ ಸ್ಥಾನ ತೋರಿಸುವ ಸೆನ್ಸರ್ ಇದೆಯೇ, ಹೊರಪೈಪಿನಲ್ಲಿ ಸದ್ದು ಮತ್ತು ಬಿಸಿ ಅಳೆಯುವ ಉಪಕರಣ ಕೆಲಸ ಮಾಡುತ್ತಿದೆಯೇ, ರಬ್ಬರ್ ಭಾಗಗಳನ್ನು ಆಯಸ್ಸು ಮುಗಿಯುವ ಮೊದಲೇ ಬದಲಿಸುತ್ತಾರೆಯೇ ಎಂದು ಕೇಳುವ ಹಕ್ಕು ನಮಗಿದೆ. ಕೇಳಿದರೆ ತಾಲೂಕು ಕಚೇರಿ ಸ್ಥಾವರದ ಕಡೆ ಕೈ ತೋರಿಸುತ್ತದೆ, ಸ್ಥಾವರ ಜಿಲ್ಲಾಡಳಿತದ ಕಡೆ. 16 ಕಿಲೋಮೀಟರಿನೊಳಗಿನ ಊರುಗಳಿಗೆ ತುರ್ತು ಯೋಜನೆ ಇರಬೇಕು, ಇದೆ ಕೂಡ, ಕಡತದಲ್ಲಿ. ಅಣಕು ಕಾರ್ಯಾಚರಣೆಯ ದಿನ ಬಂದ ಬಸ್ಸುಗಳು ಮರುದಿನ ಇರುವುದಿಲ್ಲ. ಮಳೆಗಾಲದಲ್ಲಿ ಕುಸಿದ ಘಟ್ಟದ ರಸ್ತೆಯ ಬಗ್ಗೆ ಕೊಟ್ಟ ಅರ್ಜಿ ಎಲ್ಲಿದೆಯೋ, ಭೂಮಿ ಬಿಟ್ಟವರ ಮಕ್ಕಳ ನೌಕರಿಯ ಅರ್ಜಿಯೂ ಅಲ್ಲೇ ಇದೆ. ಸಾಹೇಬರು ಬದಲಾಗುತ್ತಾರೆ, ಉತ್ತರ ಮಾತ್ರ ‘ಪರಿಶೀಲಿಸುತ್ತೇವೆ’.

ವಾಲ್ವುಗಳ ಪರೀಕ್ಷಾ ವರದಿಯನ್ನು, ಬಿಚ್ಚಿದಾಗಿನ ಅಂಕಿಯ ಸಮೇತ, ಕನ್ನಡದಲ್ಲಿ ಪ್ರಕಟಿಸಬೇಕು. ಹಬೆ ಬಿಡುವಾಗ ಊರಿಗೆ ಕೂಡಲೇ ತಿಳಿಸಬೇಕು, ಸೈಲೆನ್ಸರ್ ಹಾಕಬೇಕು. ಇಲ್ಲದಿದ್ದರೆ ಹೊಣೆ ಯಾರದೆಂದು ಬರೆದಾದರೂ ಕೊಡಬೇಕು. ಸಂಬಳ ಎಣಿಸಿಕೊಳ್ಳುವವರು ಸಹಾಯವಾಣಿಯ ಫೋನನ್ನಾದರೂ ಮೊದಲು ಎತ್ತಲಿ.

– ಸ್ಥಾವರದ ಕೆಳಗಿನ ಊರುಗಳ ಕೆಲವು ನಿವೃತ್ತ ಫಿಟ್ಟರುಗಳು