ಕಪ್ಪು ಬಳಿಯುವುದು ಬಿಡಿ, ಕಪ್ಪಗಿರುವವರನ್ನು ಕರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಾನು ಹಳಿಯಾಳದಲ್ಲಿ 17 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಐಬ್ರೋ, ಫೇಶಿಯಲ್, ಮದುವೆ ಸೀಸನ್ನಿನಲ್ಲಿ ಮದುಮಗಳ ಮೇಕಪ್. ಪತ್ರಿಕೆಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ದಯವಿಟ್ಟು ಪ್ರಕಟಿಸಿ.

ಕಳೆದ ಭಾನುವಾರ ರಾತ್ರಿ ಟೀವಿಯಲ್ಲಿ ಒಂದು ಕಾಮಿಡಿ ಶೋ ಬರುತ್ತಿತ್ತು. ಒಬ್ಬ ಹುಡುಗ ಮುಖಕ್ಕೆ, ಕೈಗೆ ಕಪ್ಪು ಬಳಿದುಕೊಂಡು, ಗುಂಗುರು ಕೂದಲಿನ ವಿಗ್ ಹಾಕಿಕೊಂಡು ಬಂದ. ಅವನು ಆಫ್ರಿಕಾದವನಂತೆ. ಅರ್ಥವೇ ಇಲ್ಲದ ಸದ್ದು ಮಾಡುತ್ತಾ ಕುಣಿದ. ತೀರ್ಪುಗಾರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ಜೊತೆ ಪಾರ್ಲರಿನಲ್ಲಿ ಕೆಲಸ ಮಾಡುವ ಹುಡುಗಿ ಅಂದು ನಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದಳು. ಅವಳು ಸಿದ್ದಿ, ಆಫ್ರಿಕಾ ಮೂಲದ ನಮ್ಮ ಜಿಲ್ಲೆಯದೇ ಜನಾಂಗದವಳು. ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. "ಏನಿಲ್ಲ ಅಕ್ಕಾ, ನಾಳೆ ಸಾಲೆಯಲ್ಲಿ ನನ್ನ ತಮ್ಮನಿಗೆ ಇದನ್ನೇ ಕೂಗ್ತಾರೆ" ಅಂದಳು.

ಕೂಗಿದರು ಕೂಡ. ಸೋಮವಾರ ಸಂಜೆ ಆ ಹುಡುಗ ಶರ್ಟಿನ ಗುಂಡಿ ಕಿತ್ತುಕೊಂಡು ಮನೆಗೆ ಬಂದ.

ದೂರದ ಊರಿನ ಓದುಗರಿಗಾಗಿ ಇಷ್ಟು ಹೇಳುತ್ತೇನೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಎಷ್ಟೋ ಜನ ನಮ್ಮ ಕಾಡಿನಲ್ಲಿ ನೆಲೆ ನಿಂತರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇರುವ ಸಿದ್ದಿಗಳು ಅವರ ವಂಶದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಎರಡೂ ಆಡುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ನನ್ನ ಪಾರ್ಲರಿನ ಹುಡುಗಿಯ ಅಜ್ಜಿ ಹೊಲಿದುಕೊಟ್ಟ ಕೌದಿ ಹೊದ್ದು ನನ್ನ ಮಗಳು ಬೆಳೆದಿದ್ದಾಳೆ. ಆದರೆ ಟೀವಿಯವರಿಗೆ ಇವರು ಯಾರೂ ಕಾಣುವುದಿಲ್ಲ. ಗುಂಗುರು ಕೂದಲಿನ ವಿಗ್ ಮಾತ್ರ ಕಾಣುತ್ತದೆ.

ಧಾರಾವಾಹಿಗಳ ವಿಷಯ ಬೇರೆ ಥರ, ಆದರೆ ಅಲ್ಲೂ ಬಳಿಯುವುದೇ. ಕಥೆಯಲ್ಲಿ ನಾಯಕಿ ಕಪ್ಪು. ಆ ಪಾತ್ರಕ್ಕೆ ಬೆಳ್ಳಗಿನ ಹುಡುಗಿಯನ್ನೇ ತಂದು ಕಪ್ಪು ಮಾಡುತ್ತಾರೆ. ಮೇಕಪ್ ಮಾಡುವವಳಾದ್ದರಿಂದ ನನಗೆ ಅದು ಥಟ್ಟನೆ ಗೊತ್ತಾಗುತ್ತದೆ. ಕಪ್ಪು ಚರ್ಮದ ಒಳಗೆ ಕೆಂಪು ಇರುತ್ತದೆ, ಹಳದಿ ಇರುತ್ತದೆ, ಬೆಳಕು ಬಿದ್ದರೆ ಹೊಳೆಯುತ್ತದೆ. ಬೆಳ್ಳಗಿನ ಮುಖಕ್ಕೆ ಗಾಢ ಫೌಂಡೇಶನ್ ಬಳಿದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಬಿಳಿ ಉಳಿದಿರುತ್ತದೆ. ನೋಡುವವರಿಗೆ ಕಪ್ಪು ಅಂದರೆ ಹೀಗೆ ಕಳೆಗುಂದಿದ್ದು ಅನ್ನಿಸದೆ ಇರುತ್ತದೆಯೇ? ಆ ನಾಯಕಿಗೆ ಅತ್ತೆ "ಕರಿ ಕಾಗೆ" ಅನ್ನುತ್ತಾಳೆ, ಅವಳು ತುಳಸಿಕಟ್ಟೆ ಮುಂದೆ ಅಳುತ್ತಾಳೆ. ಅವಳ ಗುಣ ಒಳ್ಳೆಯದು ಅಂತ ನೂರು ಎಪಿಸೋಡಿನಲ್ಲಿ ಸಾಬೀತು ಮಾಡಬೇಕು. ಅದೇ ಮನೆಯ ಗಂಡುಮಗ ಕಪ್ಪಗಿದ್ದರೆ ಯಾರೂ ಅದನ್ನು ಎತ್ತುವುದೇ ಇಲ್ಲ. ಅವನಿಗೆ ಸಂಪಾದನೆ ಇದ್ದರೆ ಸಾಕು.

ನಮ್ಮ ಬಾಯಲ್ಲೂ ಇದು ಕೂತುಬಿಟ್ಟಿದೆ. ಹೆಣ್ಣು ನೋಡಿ ಬಂದವರು "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಅನ್ನುತ್ತಾರೆ. ಹೊಗಳಿದೆವು ಅಂತಲೇ ಅಂದುಕೊಂಡಿರುತ್ತಾರೆ. ಆ "ಇದ್ದರೂ" ಎಷ್ಟು ಚುಚ್ಚುತ್ತದೆ ಅಂತ ಆ ಹುಡುಗಿಯನ್ನು ಕೇಳಬೇಕು. "ಬೆಳ್ಳಗಿದ್ದರೂ ಲಕ್ಷಣ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕೃಷ್ಣ ಅಂದರೇನೇ ಕಪ್ಪು. ಅಷ್ಟಮಿಗೆ ಮಕ್ಕಳನ್ನು ಕೃಷ್ಣನ ವೇಷಕ್ಕೆ ಕರೆತರುವ ತಾಯಂದಿರು, ಅದೇ ಮಕ್ಕಳ ಮುಖಕ್ಕೆ "ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ" ಅನ್ನುತ್ತಾರೆ.

ಇದೆಲ್ಲ ಕೊನೆಗೆ ಬಂದು ಕೂರುವುದು ನನ್ನ ಕುರ್ಚಿಯ ಮೇಲೆ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಬಂದಳು. ತೆಗೆದು ನೋಡಿದರೆ ಕೆನ್ನೆ ಕೆಂಡದ ಹಾಗೆ ಕೆಂಪಗಾಗಿತ್ತು, ಗದ್ದದ ಮೇಲೆ ಕೂದಲು ಬಂದಿತ್ತು. ಬಿಸಿಲಿಗೆ ಹೋದರೆ ಉರಿ ಅಂದಳು. ಬೆಳ್ಳಗಾಗಲಿ ಅಂತ ಚಿಕ್ಕಮ್ಮ ಒಂದು ಕ್ರೀಮ್ ತಂದುಕೊಟ್ಟಿದ್ದರಂತೆ, ಎಂಟು ತಿಂಗಳು ಹಚ್ಚಿದ್ದಾಳೆ. ನಾನು ಕೈ ಹಚ್ಚಲಿಲ್ಲ, ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅದು ಸ್ಟಿರಾಯ್ಡ್ ಕ್ರೀಮ್ ಅಂದರಂತೆ. ಚರ್ಮವನ್ನೇ ತೆಳ್ಳಗೆ ಮಾಡುತ್ತದೆ, ನಿಲ್ಲಿಸಿದರೆ ಇನ್ನೂ ಉರಿಯುತ್ತದೆ. ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಆದರೂ ಆ ಮಗುವಿನ ಕೈಗೆ ಸಿಕ್ಕಿತ್ತು.

ನನ್ನ ಕೈಯೂ ಇದರಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ವರ್ಷ ಮದುಮಗಳಿಗೆ ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್ನೇ ಹಾಕಿದ್ದೇನೆ. ಆಲ್ಬಮ್ಮಿನಲ್ಲಿ ಬೆಳ್ಳಗೆ ಬರಬೇಕು ಅಂತ ಮನೆಯವರು ಕೇಳುತ್ತಿದ್ದರು, ನಾನೂ ಮಾಡುತ್ತಿದ್ದೆ. ಒಂದು ಸಲ ಒಬ್ಬ ಸಿದ್ದಿ ಮದುಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಕ್ಕಾ, ನನ್ನ ಬಣ್ಣಕ್ಕೇ ಮಾಡ್ರಿ, ನಮ್ಮಪ್ಪನಿಗೆ ನನ್ನ ಗುರುತು ಸಿಗಬೇಕು" ಅಂದಳು. ಅವಳ ಬಣ್ಣದ ಫೌಂಡೇಶನ್ ನನ್ನ ಹತ್ತಿರ ಇರಲೇ ಇಲ್ಲ. ಹುಬ್ಬಳ್ಳಿಯಲ್ಲಿ ಮೂರು ಅಂಗಡಿ ತಿರುಗಿದ್ದೆ, ಅಲ್ಲೂ ಸಿಕ್ಕಿರಲಿಲ್ಲ. ಇದ್ದುದರಲ್ಲೇ ಗಾಢವಾದ ಎರಡು ಟ್ಯೂಬ್ ಕಲಸಿ, ಸ್ವಲ್ಪ ಕೆಂಪು ಸೇರಿಸಿ, ಮೊಣಕೈ ಮೇಲೆ ಹಚ್ಚಿ ಹಚ್ಚಿ ನೋಡಿ ಬಣ್ಣ ಕೂಡಿಸಿದೆ. ಹಳದಿ ರೇಷ್ಮೆ ಸೀರೆ ಉಟ್ಟಿದ್ದಳು. ನಾನು ಮಾಡಿದ ಮೇಕಪ್ಪುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಆಮೇಲಿಂದ ನಾನು ಯಾರಿಗೂ ಬಣ್ಣ ಬದಲಿಸಿ ಹಾಕಿಲ್ಲ. ಒಂದಿಷ್ಟು ಗಿರಾಕಿಗಳು ಬೇರೆ ಕಡೆ ಹೋದರು, ಹೋಗಲಿ.

ಇದು ಸುಮ್ನೆ ಅಂದಚೆಂದದ ಮಾತು ಅಂತ ಯಾರೂ ತಳ್ಳಿಹಾಕಬೇಡಿ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನ್ ದೇಶದವನೊಬ್ಬನ ಕಾರು ಡಿಕ್ಕಿ ಹೊಡೆದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಗೆಳೆಯರ ಜೊತೆ ಬಂದಳು. ಜನ ಅವಳನ್ನು ಎಳೆದು ಹೊಡೆದರು, ಬಟ್ಟೆ ಹರಿದರು, ಕಾರಿಗೆ ಬೆಂಕಿ ಹಚ್ಚಿದರು. ಅವಳಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ದೇಶವೂ ಬೇರೆ. ಕಪ್ಪಗಿದ್ದವರೆಲ್ಲ ಒಂದೇ ಅಂತ ಆ ಗುಂಪಿಗೆ ಒಂದೇ ದಿನದಲ್ಲಿ ಅನ್ನಿಸಿರುವುದಿಲ್ಲ. ಒಂದೇ ವಿಗ್, ಒಂದೇ ಕಪ್ಪು, ಒಂದೇ ಗಾಂಜಾ ಮಾರುವವನ ಪಾತ್ರ ನೋಡಿ ನೋಡಿ ಬಂದ ನೋಟ ಅದು ಅಂತ ನನಗೆ ಅನ್ನಿಸುತ್ತದೆ. ನಮ್ಮ ಕಡೆಯ ಸಿದ್ದಿ ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಇಂದಿಗೂ ಬಾಡಿಗೆ ಮನೆ ಕೇಳುವಾಗ ಮೊದಲು ಆಧಾರ್ ಕಾರ್ಡ್ ತೋರಿಸುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ಅಚ್ಚ ಕನ್ನಡದಲ್ಲಿ ಮಾತಾಡಿದರೂ "ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ" ಅನ್ನುತ್ತಾರಂತೆ.

ಕಪ್ಪಗಿರುವ ಕಲಾವಿದರು ಸಿಗುವುದಿಲ್ಲ ಅಂತ ಟೀವಿಯವರು ಅಂದರೆ ಅದು ಒಪ್ಪುವಂಥ ಮಾತಲ್ಲ. ಮಂಚೀಕೇರಿಯಲ್ಲಿ 1980ರ ದಶಕದಲ್ಲೇ ರಂಗ ನಿರ್ದೇಶಕ ಚಿದಂಬರರಾವ್ ಜಂಬೆ ಅವರು ಸಿದ್ದಿ ಜನರನ್ನೇ ಕೂಡಿಸಿ ನಾಟಕ ಮಾಡಿಸಿದ್ದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯಲ್ಲಿ ಕಲಿತು ಬಂದವರು. ಇಂಥವರು ಇನ್ನೂ ಇದ್ದಾರೆ. ಅವರನ್ನು ರೌಡಿಯ ಹಿಂದೆ ನಿಲ್ಲಿಸಲು ಕರೆಯಬೇಡಿ. ಟೀಚರ್ ಪಾತ್ರ ಕೊಡಿ, ನರ್ಸ್ ಪಾತ್ರ ಕೊಡಿ, ಸೊಸೆಯ ಪಾತ್ರ ಕೊಡಿ. ಬಣ್ಣದ ಮಾತೇ ಬರದ ಪಾತ್ರ ಕೊಡಿ. ಇವರಷ್ಟೇ ಅಲ್ಲ, ನಮ್ಮ ರಾಜ್ಯದ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಕಪ್ಪು ಹುಡುಗಿಯರು ಸಿಗುತ್ತಾರೆ. ಆಡಿಷನ್ನಿಗೆ ಕರೆಯುವವರು ಬೇಕು ಅಷ್ಟೆ.

ಜಾಹೀರಾತಿನವರಿಗೆ ಎಎಸ್‌ಸಿಐ ಎಂಬ ಮಂಡಳಿ 2014ರಲ್ಲೇ ನಿಯಮ ಮಾಡಿದೆ. ಕಪ್ಪಗಿರುವವರಿಗೆ ಕೆಲಸ ಸಿಗುವುದಿಲ್ಲ, ಮದುವೆ ಆಗುವುದಿಲ್ಲ ಅನ್ನುವಂತೆ ತೋರಿಸಬಾರದು. 1975ರಿಂದ ಮಾರುತ್ತಿದ್ದ ಫೇರ್ ಆ್ಯಂಡ್ ಲವ್ಲಿ ಕೂಡ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆಯಿತು. ಧಾರಾವಾಹಿ, ಕಾಮಿಡಿ ಶೋಗಳಿಗೂ ಇಂಥದ್ದೊಂದು ಸ್ಪಷ್ಟ ನಿಯಮ ಬೇಕು ಅಲ್ವಾ?

ಅದು ಬರುವವರೆಗೆ ನೋಡುವವರು ಒಂದು ಕೆಲಸ ಮಾಡಬಹುದು. 2021ರ ನಿಯಮದ ಪ್ರಕಾರ ಟೀವಿ ಕಾರ್ಯಕ್ರಮದ ಬಗ್ಗೆ ಯಾರು ಬೇಕಾದರೂ ನೇರವಾಗಿ ಚಾನೆಲ್ಲಿಗೇ ದೂರು ಕೊಡಬಹುದು. 15 ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು. ಮಂಗಳವಾರ ಪಾರ್ಲರ್ ರಜೆ. ನಾನು, ನನ್ನ ಪಾರ್ಲರಿನ ಆ ಸಿದ್ದಿ ಹುಡುಗಿ ಇಬ್ಬರೂ ಕೂತು ದೂರು ಬರೆದು ಕಳಿಸಿದ್ದೇವೆ. ಕೆಳಗೆ ಅವಳ ತಮ್ಮನೂ ಸಹಿ ಹಾಕಿದ್ದಾನೆ. ಚಾನೆಲ್ಲಿನವರ ಉತ್ತರ ಬಂದರೆ ನಿಮಗೂ ತಿಳಿಸುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಹಳಿಯಾಳ, ಉತ್ತರ ಕನ್ನಡ